ಸತುರ್ನಿನಾ ಟೀಚರ್ ಉಳಿಸಿಕೊಂಡ ‘ಅಂತೆ’

ಸತುರ್ನಿನಾ ಪಾಲೊಮಿನೊ ಅವರ ಪತಿ ಎರ್ಮಿನಿಯೊ ಅಣ್ಣನವರೇ, ಮಗಳು ನೆಲಿದಾ, ಮುಖ್ಯೋಪಾಧ್ಯಾಯಿನಿಯವರೇ, ಸಹೋದ್ಯೋಗಿಗಳೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ಮಕ್ಕಳೇ — ಎಲ್ಲರಿಗೂ ನಮಸ್ಕಾರ. ಈ ಶ್ರದ್ಧಾಂಜಲಿ ಸಭೆಗೆ ಕುಸ್ಕೊದಿಂದ ಬಂದಿರುವ ಪ್ರೊಫೆಸರ್ ಉಗಾರ್ತೆಯವರೇ, ನಿಮ್ಮ ಹೆಸರು ನನ್ನ ಮಾತಿನಲ್ಲಿ ಬರುತ್ತದೆ. ಹೊರಗೆ ನಿಮ್ಮ ಒಪ್ಪಿಗೆ ಕೇಳಿಕೊಂಡೇ ಒಳಗೆ ಬಂದಿದ್ದೇನೆ.

ನಾನು ಲೆಕ್ಕದ ಮೇಷ್ಟ್ರು. ಭಾಷಣ ನನಗೆ ಬರುವುದಿಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿ ಅವರ ಕುರ್ಚಿಯ ಪಕ್ಕದಲ್ಲೇ ಇತ್ತು. ಆ ಪಕ್ಕದ ಕುರ್ಚಿಯ ಹಕ್ಕಿನಿಂದ ಮಾತಾಡುತ್ತಿದ್ದೇನೆ.

ಸತುರ್ನಿನಾ ಟೀಚರ್ ನಮ್ಮ ಅಬಾಂಕಾಯ್ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಸುತ್ತಿದ್ದರು. ಮನೆಮಾತು ಕೆಚುವಾ. ಬೆಟ್ಟದ ಮೇಲಿನ ಊರು. ಸ್ಪ್ಯಾನಿಷ್ ಎಂಬುದನ್ನು ಅವರು ಕೇಳಿದ್ದೇ ಶಾಲೆಗೆ ಸೇರಿದ ಮೇಲೆ. ಒಂದು ದಿನ ಅವರು ತರಗತಿಯಿಂದ ಬಂದು, ಚಹಾ ಮುಟ್ಟದೆ ಕೂತರು. ಏನಾಯಿತು ಎಂದು ಕೇಳಿದೆ.

“ಒಂದು ಹುಡುಗಿ ಅವರಜ್ಜಿ ಹೇಳಿದ ಕತೆ ಬರ್ಕೊಂಡು ಬಂದಿದ್ಲು ಕಣೋ ಎದಿಲ್ಬೆರ್ತೊ. ‘ನರಿ ಬಂತಂತೆ, ಕೋಳಿ ಕೇಳ್ತಂತೆ’ — ಎಲ್ಲಾ ಕಡೆ ಅಂತೆ, ಅಂತೆ. ಸ್ಪ್ಯಾನಿಷ್‌ನಲ್ಲಿ ಹಾಗೆ ಬರೆಯಲ್ಲ ಅಂತ ಕೆಂಪು ಗೀಟು ಹಾಕ್ದೆ. ಅವಳು ಕೇಳ್ತಾಳೆ, ‘ನಮ್ಮಜ್ಜಿ ಹೀಗೇ ಹೇಳೋದು. ಹಂಗಾದ್ರೆ ಅಜ್ಜಿದು ತಪ್ಪಾ ಟೀಚರ್?’”

“ನೀವೇನಂದ್ರಿ?”

“ತಿಳ್ಕೊಂಡು ಬಂದು ಹೇಳ್ತೀನಿ ಅಂದೆ. ನನಗೆ ಗೊತ್ತಿದ್ರೆ ತಾನೆ.”

ಅದೇ ವರ್ಷ ಅವರು ಕುಸ್ಕೊದ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಭಾಷೆ ಮತ್ತು ಸಾಹಿತ್ಯದ ಎಂ.ಎ.ಗೆ ಸೇರಿದರು; ತರಗತಿಗಳು ಶನಿವಾರ. ಆಗಲೇ ತಲೆ ನರೆತಿತ್ತು. ಎರ್ಮಿನಿಯೊ ಅಣ್ಣ ಬಸ್ ಡ್ರೈವರ್ — ನಿಮಗೆಲ್ಲ ಗೊತ್ತು. “ಈ ವಯಸ್ಸಲ್ಲಿ ಇನ್ನೇನು ಓದು? ಸ್ಪ್ಯಾನಿಷ್ ಕಲಿಸೋಳಿಗೇ ಸ್ಪ್ಯಾನಿಷ್ ಕಲಿಸ್ತಾರಾ?” ಎಂದು ಛೇಡಿಸಿದರು. ಛೇಡಿಸಿದವರೇ ಮಾಲೀಕರ ಕಾಲು ಹಿಡಿದು ಶುಕ್ರವಾರದ ಕುಸ್ಕೊ ರೂಟು ಹಾಕಿಸಿಕೊಂಡರು. ಹೆಂಡತಿ ಮುಂದಿನ ಸೀಟಿನಲ್ಲಿ ಕೂತು ಪಾಠ ಗಟ್ಟಿಯಾಗಿ ಓದುವುದು, ಗಂಡ ಸ್ಟಿಯರಿಂಗ್ ಹಿಡಿದು ಕೇಳುವುದು. ನಮ್ಮ ಘಟ್ಟದ ತಿರುವುಗಳಲ್ಲಿ ವ್ಯಾಕರಣ ಕಲಿತ ಡ್ರೈವರ್ ಬೇರೆ ಯಾರೂ ಇರಲಾರರು.

ಮೊದಲ ತರಗತಿಯಲ್ಲೇ ಒಂದು ಪುಟ ಗಟ್ಟಿಯಾಗಿ ಓದಬೇಕಾಯಿತು. ನಮ್ಮ ಬೆಟ್ಟದ ನಾಲಿಗೆ ಎಂಥದ್ದೆಂದು ನಿಮಗೆ ಗೊತ್ತಲ್ಲ — ಅದಕ್ಕೆ ‘ಎ’ಯೂ ‘ಇ’ಯೂ ಒಂದೇ. ಮೇಜಿಗೆ ‘ಮೇಸಾ’ ಎನ್ನಬೇಕು; ಟೀಚರ್ ‘ಮಿಸಾ’ ಎಂದರು. ಮಿಸಾ ಎಂದರೆ ಚರ್ಚಿನ ಪೂಜೆ. ಹಿಂದಿನ ಬೆಂಚಿನಿಂದ ಒಬ್ಬ ಮೆಲ್ಲಗೆ “ಆಮೆನ್” ಎಂದ. ಇಡೀ ಕ್ಲಾಸು ನಕ್ಕಿತು.

ಟೀಚರ್ ತಿರುಗಿ ನೋಡಿ, “ಪಾದ್ರಿಗಳು ಬಂದಿರೋದು ಗೊತ್ತಾಗ್ಲಿಲ್ಲ. ಮುಂದೆ ಬಂದು ಕೂತ್ಕೊಳ್ಳಿ ಫಾದರ್” ಎಂದರು. ಈ ಸಲ ಆ ಹುಡುಗನೂ ನಕ್ಕ. ಮಧ್ಯಾಹ್ನ ಬುತ್ತಿ ಬಿಚ್ಚಿ, ಬೇಯಿಸಿದ ಮೆಕ್ಕೆಜೋಳ, ಚೀಸು — ಮೊದಲ ಪಾಲು ಅವನಿಗೇ ಕೊಟ್ಟರು. ಇದನ್ನು ನನಗೆ ನಗುತ್ತಲೇ ಹೇಳಿದರು. ಆದರೆ ಊರಿಗೆ ಬರುವ ದಾರಿಯಲ್ಲಿ ಅಂದು ಅವರು ಒಂದು ಸಾಲನ್ನೂ ಓದಲಿಲ್ಲವೆಂದು ಎರ್ಮಿನಿಯೊ ಅಣ್ಣ ಹೇಳಿದ್ದಾರೆ.

ಪ್ರಬಂಧಕ್ಕೆ ಅವರು ಆರಿಸಿಕೊಂಡ ವಿಷಯ — ನಮ್ಮ ಅಜ್ಜಿಯರು ಸ್ಪ್ಯಾನಿಷ್‌ನಲ್ಲಿ ಹೇಳುವ ಕತೆಗಳು. ಊರೂರು ತಿರುಗಿ, ಒಲೆಯ ಮುಂದೆ ಕೂತು ಕೇಳಿದರು. ಅಜ್ಜಿಯರು ಹೇಳಿದಂತೆಯೇ ಬರೆದುಕೊಂಡರು, ಆ ‘ಅಂತೆ’ಗಳ ಸಮೇತ. ಮಾರ್ಗದರ್ಶಕರಾಗಿದ್ದವರು ಪ್ರೊಫೆಸರ್ ಡಾಕ್ಟರ್ ಉಗಾರ್ತೆಯವರು. ಅವರು ಹೇಳಿದರು, “ಕತೆಗಳು ಚೆನ್ನಾಗಿವೆ ಅಮ್ಮ. ಭಾಷೆ ತಿದ್ದಿ. ಈ ‘ಅಂತೆ’ ಎಲ್ಲಾ ತೆಗೀರಿ. ಇಷ್ಟು ತಪ್ಪು ಇಟ್ಕೊಂಡು ಎಂ.ಎ. ಹೇಗೆ ಕೊಡೋದು?”

“ತೆಗೀಬಹುದು ಡಾಕ್ಟರೇ. ಆದ್ರೆ ಆಮೇಲೆ ಅದು ಅಜ್ಜೀರ ಕತೆ ಆಗಿರಲ್ಲ. ನಿಮ್ಮದಾಗುತ್ತೆ.”

ಪ್ರಬಂಧ ನಿಂತುಹೋಯಿತು. ಅದು ನಿಂತ ವರ್ಷವೇ ಟೀಚರ್ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ನೆಲಿದಾ, ನೀನು ಅಂದು ನಿನ್ನ ತಾಯಿಗೆ ಹೇಳಿದ್ದು ನನಗೆ ನೆನಪಿದೆ — ನಾನು ಅಲ್ಲೇ ಬಾಗಿಲಲ್ಲಿದ್ದೆ. “ಅಮ್ಮ, ಅವ್ರು ಹೇಳಿದ ಹಾಗೆ ತಿದ್ದಿ ಕೊಟ್ಬಿಡು. ಡಿಗ್ರಿ ತಗೊಂಡು ಸುಮ್ನೆ ಮಲ್ಕೋ. ಯಾರಿಗೋಸ್ಕರ ಈ ಹಟ?”

ಟೀಚರ್ ಮಗಳ ಕೂದಲು ಸವರಿದರು. ಆಮೇಲೆ, “ನಿಮ್ಮಜ್ಜಿ ನಂಜೊತೆ ಪೇಟೆಗೆ ಬಂದ್ರೆ ಬಾಯೇ ಬಿಡ್ತಿರ್ಲಿಲ್ಲ ಕಣೇ. ಜನ ನಗ್ತಾರೆ ಅಂತ. ಬಾಯಿ ಬಿಡದೆಯೇ ಹೋಗ್ಬಿಟ್ಲು” ಎಂದರು. ಅಷ್ಟೇ.

ಟೀಚರ್ ಅರ್ಜಿ ಕೊಟ್ಟರು; ವಿಶ್ವವಿದ್ಯಾಲಯದ ವಿಭಾಗದವರು ಮಾರ್ಗದರ್ಶಕರನ್ನು ಬದಲಿಸಿಕೊಟ್ಟರು. ಕೊನೆಗೂ ಮೌಖಿಕ ಪರೀಕ್ಷೆ ಬಂತು. ಉಗಾರ್ತೆಯವರು ಈಗ ಪರೀಕ್ಷಕರಾಗಿ ಎದುರಿಗೆ ಕೂತಿದ್ದರು. ಮೆಟ್ಟಿಲು ಹತ್ತಿಸಲು ಒಂದು ಕಡೆ ನೆಲಿದಾ, ಇನ್ನೊಂದು ಕಡೆ ನಾನು. ಎರ್ಮಿನಿಯೊ ಅಣ್ಣ ಬಸ್ಸನ್ನು ನಿಲ್ದಾಣದಲ್ಲಿ ಬಿಟ್ಟು, ಯೂನಿಫಾರ್ಮಿನಲ್ಲೇ ಓಡಿ ಬಂದು ಹಿಂದಿನ ಸಾಲಿನಲ್ಲಿ ಕೂತರು.

ಉಗಾರ್ತೆಯವರು ಅದೇ ಪ್ರಶ್ನೆ ಕೇಳಿದರು: “ಇದು ತಪ್ಪಲ್ಲ ಅಂತ ಹೇಗೆ ಹೇಳ್ತೀರಿ?”

ಟೀಚರ್ ನಿಲ್ಲಲಾರದೆ ಮೇಜು ಹಿಡಿದುಕೊಂಡಿದ್ದರು. “ಡಾಕ್ಟರೇ, ನೀವು ಹುಟ್ಟಿದ ದಿನ ಮಳೆ ಇತ್ತಾ?”

ಎಲ್ಲರೂ ಮುಖ ಮುಖ ನೋಡಿಕೊಂಡರು. ಉಗಾರ್ತೆಯವರು, “ಇತ್ತು. ಜೋರು ಮಳೆ” ಎಂದರು.

“ನೀವು ನೋಡಿದ್ರಾ?”

“ನಾನೆಲ್ಲಿ ನೋಡ್ಲಿ. ನಮ್ಮಮ್ಮ ಹೇಳ್ತಿದ್ರು.”

“ಹಾಗಾದ್ರೆ ಮಳೆ ಇತ್ತಂತೆ, ಅನ್ನಬೇಕಿತ್ತು. ಕೆಚುವಾದಲ್ಲಿ ಕಣ್ಣಾರೆ ಕಂಡದ್ದಕ್ಕೆ ಒಂದು ರೀತಿ, ಕೇಳಿದ್ದಕ್ಕೆ ಇನ್ನೊಂದು ರೀತಿ ಹೇಳ್ತೀವಿ. ಸ್ಪ್ಯಾನಿಷ್‌ನಲ್ಲಿ ಅದು ಇರಲಿಲ್ಲ. ನಮ್ಮ ತಾಯಂದಿರು ಕಾಣದ್ದನ್ನ ಕಂಡೆ ಅನ್ನೋಕೆ ಮನಸ್ಸು ಬರದೆ, ಇದನ್ನ ಜೊತೇಲಿ ತಂದ್ರು. ಅವರು ಸ್ಪ್ಯಾನಿಷ್ ಕೆಡಿಸಲಿಲ್ಲ ಡಾಕ್ಟರೇ. ತಮ್ಮ ಮನೆಯಿಂದ ಏನೋ ಕೊಟ್ರು.”

ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಉಗಾರ್ತೆಯವರು ಮಾತ್ರ ನಗದೆ ಕನ್ನಡಕ ತೆಗೆದರು. ಆಮೇಲೆ ಹೇಳಿದರು — ಸರ್, ನಿಮ್ಮ ಮಾತನ್ನೇ ಹೇಳುತ್ತಿದ್ದೇನೆ — “ನಮ್ಮಮ್ಮನೂ ಹೀಗೇ ಅಂತಿದ್ಲು. ಓದಿ ಬಂದವನು ನಾನು. ಜನರೆದುರಿಗೆ ಅವಳನ್ನ ತಿದ್ತಿದ್ದೆ.”

ಪ್ರಬಂಧಕ್ಕೆ ಅತ್ಯುತ್ತಮ ದರ್ಜೆ ಬಂತು. ಮೊದಲ ಸಹಿ ಉಗಾರ್ತೆಯವರದೇ. ಕೆಳಗೆ ಬಸ್ ನಿಲ್ದಾಣದಲ್ಲಿ ಪ್ರಯಾಣಿಕರು ಡ್ರೈವರ್ ಎಲ್ಲೆಂದು ಕೂಗಾಡುತ್ತಿದ್ದರು. ಎರ್ಮಿನಿಯೊ ಅಣ್ಣ ಹೋಗಿ, “ನನ್ನ ಹೆಂಡ್ತಿ ಎಂ.ಎ. ಆದ್ಲು, ಸ್ವಲ್ಪ ತಡ ಆಯ್ತು” ಎಂದರು. ಬೈಯುತ್ತಿದ್ದವರೇ ಟೀಚರ್‌ಗೆ ಮುಂದಿನ ಸೀಟು ಬಿಟ್ಟುಕೊಟ್ಟರು.

ಆಮೇಲೆ ಟೀಚರ್ ಉಳಿದದ್ದು ಒಂದೇ ಮಳೆಗಾಲ. ಬಿಡುವು ತೆಗೆದುಕೊಳ್ಳಿ ಎಂದರೂ ಕೇಳದೆ ತರಗತಿಗೆ ಬಂದರು. ಕಿಟಕಿಯಿಂದ ನಾನು ನೋಡುತ್ತಿದ್ದೆ. ಬೆಟ್ಟದಿಂದ ಬಂದ ಮಗು ಎದ್ದು ನಿಂತು, ಪದ ಸಿಗದೆ ತಡವರಿಸಿದರೆ — ಟೀಚರ್ ಆ ಪದವನ್ನು ತಾವು ಹೇಳಿಕೊಡುತ್ತಿರಲಿಲ್ಲ. ಬೇರೆಯವರು ಹೇಳಲೂ ಬಿಡುತ್ತಿರಲಿಲ್ಲ. ಕುರ್ಚಿಯಿಂದ ಕಷ್ಟಪಟ್ಟು ಎದ್ದು, ಆ ಮಗುವಿನ ಜೊತೆ ತಾವೂ ನಿಂತು, ಕಾಯುತ್ತಿದ್ದರು.

ನನಗೂ ಇವತ್ತು ಮಾತು ಸಿಗುತ್ತಿಲ್ಲ. ಎರ್ಮಿನಿಯೊ ಅಣ್ಣನಿಗೂ ಸಿಗುತ್ತಿಲ್ಲ. ಹೇಳಿಕೊಡಬೇಡಿ. ದಯವಿಟ್ಟು ಎಲ್ಲರೂ ಎದ್ದು — ನಮ್ಮ ಜೊತೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ.