ಆನೆ ತೆಪ್ಪ ಹತ್ತಿದ ಪಾಠ

...ಈ ಸಲ ಹೇಳೋ ಒಂದೊಂದು ಮಾತೂ ನಿಜ ಕಣೇ ಲೊರೀನ್! ನಿಮ್ಮಮ್ಮನ ಗೋರಿ ಮೇಲಾಣೆ. ಏನು? ಹೋದ ಸಲಾನೂ ಹಂಗೇ ಅಂದಿದ್ನಾ? ಹೋದ ಸಲದ್ದು ಮೀನಿನ ವಿಷಯ. ಮೀನಿನ ವಿಷಯದಲ್ಲಿ ನಮ್ಮ ಪಾದ್ರಿನೂ ನಿಜ ಹೇಳಲ್ಲ. ಇದು ಪಾಠದ ವಿಷಯ. ಪುಸ್ತಕದಲ್ಲಿ ಏನಿತ್ತೋ ಅದನ್ನೇ ಓದಿದೀನಿ ನಿನ್ನ ಮಗಳು ಫೀಬಿಗೆ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ!

ಬಾಗಿಲಲ್ಲೇ ಯಾಕೆ ನಿಂತೆ, ಜಪ್ತಿಗೆ ಬಂದ ಅಮೀನನ ಥರ? ಕೂತ್ಕೊ. ಕೂರಲ್ವಾ? ನಿಂತೇ ಇರು. ಅಪ್ಪನ ಮನೆಗೆ ಬಂದವಳು ಒಂದು ಲೋಟ ಕಾಫಿ ಕುಡಿಯಲ್ಲ, ಪುಸ್ತಕ ಎದೆಗೆ ಅವಚಿಕೊಂಡು ಗುರಾಯಿಸ್ತಾಳೆ.

ನಾನು ಮೊದಲಿಂದ ಬಡ್ಕೊಂಡೆ. ನೀನು ಕೇಳಿದ್ಯಾ? ಓದೋಕೆ ತಿಣುಕೋ ಮಗು. ಅದನ್ನ ಸ್ಕೂಲಿನ ಮೆಟ್ಟಿಲೂ ಹತ್ತಿಸದೆ ಮನೇಲೇ ಕೂರಿಸ್ಕೊಂಡು ಲ್ಯಾಟಿನ್ ಕಲಿಸ್ತಾಳಂತೆ! ಲ್ಯಾಟಿನ್! ಅಪ್ಪ ಅಮ್ಮ ಆಡೋ ಮಾತನ್ನೇ ಓದೋಕೆ ಆಗದ ಮಗೂಗೆ, ಆಡೋರೆಲ್ಲ ಸತ್ತುಹೋದ ಭಾಷೆ! ಬೆಳಗಾದ್ರೆ ಅಮೋ ಅಮಾಸ್ ಅಮಾಟ್, ಮಳೆಗಾಲದ ಕಪ್ಪೆ ಕೂಗಿದಂಗೆ. ಕೇಳಿದ್ರೆ ಇವಳೊಂದು ಮಂತ್ರ ಹೇಳ್ತಾಳೆ... 'ಕಿವೀಲಿ ಕೇಳಲಿ, ಬಾಯಲ್ಲಿ ತಿರುಗಿ ಹೇಳಲಿ, ಕಣ್ಣು ಆಮೇಲೆ ಬರುತ್ತೆ.' ಆಯ್ತು ಮಾರಾಯ್ತಿ! ಮಂಗಳವಾರ, ಗುರುವಾರ ಚರ್ಚಿನ ನೆಲಮಾಳಿಗೇಲಿ ಬೇರೆ ಮಕ್ಕಳಿಗೆ ಲ್ಯಾಟಿನ್ ಹೇಳೋಕೆ ಹೋಗ್ತೀನಿ, ಫೀಬಿಗೆ ಚರಿತ್ರೆ ಪುಸ್ತಕ ಓದಿ ಹೇಳಪ್ಪ ಅಂತ ನನ್ನ ಕಾಲಿಗೆ ಬಿದ್ದೋಳು ಯಾರು? ಬಿದ್ದಿಲ್ವಾ? ಫೋನಲ್ಲಿ ಬಿದ್ದೆ. ಧಪ್ ಅಂತ ಸದ್ದೂ ಕೇಳಿಸ್ತು ನನಗೆ.

ಈಗ ಮನೇಲಿ ಕಲಿಯೋ ಮಕ್ಕಳನ್ನ ಪರೀಕ್ಷೆ ಮಾಡೋ ಆ ಸರ್ಕಾರಿ ಮೇಡಂ ಬಂದು ಮೂಗು ಮುರಿದಳು ಅಂತ ನನ್ನ ಮೇಲೆ ಎಗರಾಡ್ತೀಯ! ಅವಳು ಕೇಳಿದ್ದೇನು? ಕಾರ್ಥೇಜಿನ ಸೇನಾಪತಿ ಆನೆಗಳನ್ನ ನದಿ ಹೆಂಗೆ ದಾಟಿಸಿದ, ಹೇಳು ಮಗು, ಅಂತ. ಫೀಬಿ ಹೇಳಿದ್ಲು. ತೆಪ್ಪ ಕಟ್ಟಿಸಿದ, ಆನೆಗೆ ಇದು ನೆಲಾನೇ ಅನ್ನಿಸ್ಲಿ ಅಂತ ಮೇಲೆ ಮಣ್ಣು ಹರಡಿಸಿದ. ಇದೆ ತಾನೇ ಪುಸ್ತಕದಲ್ಲಿ? ಇದೆ! ಆಮೇಲೆ ಮೇಬೆಲ್ ಅನ್ನೋ ದೊಡ್ಡಾನೆ ದಂಡೇಲೇ ಹಠ ಹಿಡಿದು ಕೂತ್ಕೊಳ್ತು. ಕಾಕಂಬಿ ಸವರಿದ ಮೆಕ್ಕೆಜೋಳದ ಬ್ರೆಡ್ಡು ಕೊಡೋವರೆಗೂ ಕಾಲೆತ್ತಲಿಲ್ಲ. ಆಗ ಮೀಸೆ ಹೊತ್ತ ಒಬ್ಬ ಮುದಿ ಅಂಬಿಗ ಬಂದು, ಹಗ್ಗಕ್ಕೆ ನಮ್ಮ ಮಿಸಿಸಿಪ್ಪಿ ದೋಣಿಯವರ ಗಂಟು ಹಾಕಿ...

ಏನು? ಆ ಕಾಲದಲ್ಲಿ ಆ ಕಡೆ ಮೆಕ್ಕೆಜೋಳವೇ ಇರಲಿಲ್ಲ ಅಂದಳಾ ಮೇಡಂ? ಅವಳೇನು ದಂಡೇಲಿ ನಿಂತು ನೋಡಿದ್ಲಾ?

ನಗಬೇಡ. ನಗ್ತಿಲ್ವಾ? ಹಂಗಿದ್ರೆ ಹಲ್ಲು ಯಾಕೆ ಕಡೀತೀಯ?

ಏನಂದೆ... ಚಿತ್ರದಲ್ಲಿ ಇರೋದು ಮಾತ್ರ ಸರಿ ಬಂದಿದೆ, ಮಿಕ್ಕಿದ್ದೆಲ್ಲ ಪುಸ್ತಕದಲ್ಲೇ ಇಲ್ಲ ಅಂತೀಯಾ? ಇರುತ್ತೆ. ಹಿಂದಿನ ಪುಟದಲ್ಲಿ ಇರುತ್ತೆ. ಇಲ್ಲಾಂದ್ರೆ ಮಗೂನೇ ಕಟ್ಟಿರುತ್ತೆ! ಹೌದು, ಅದೇ. ಮಗು ಕಲಸಿಬಿಟ್ಟಿದೆ.

ಗೊತ್ತು, ಗೊತ್ತು! ಕೇಳಿದ್ದು ತಲೇಲಿ ನಿಲ್ಲಲ್ಲ, ಇಲ್ಲದ್ದು ಹೇಳುತ್ತೆ, ಮನೆಪಾಠ ಸಾಕು, ಸ್ಕೂಲಲ್ಲಿ ಮಂದಮತಿ ಮಕ್ಕಳ ಜೊತೆ ಕೂರಿಸಿ ಅಂತ ಮೇಡಂ ವರದಿ ಬರೆಯೋಕೆ ಹೊರಟಿದಾಳೆ. ನಾಳೆ ಬೆಳಗ್ಗೆ ಮತ್ತೆ ಬರ್ತಾಳೆ. ಅವಳ ಮುಂದೆ ನಾನು ಕೈಕಟ್ಟಿ ನಿಂತು, 'ಅಮ್ಮಾ, ಮಗು ಕೇಳಿದ್ದನ್ನ ಕೇಳಿದಂಗೇ ಒಪ್ಪಿಸಿದೆ, ಬುರುಡೆ ಬಿಟ್ಟಿದ್ದು ನಾನು' ಅನ್ಬೇಕು. ಅಷ್ಟೇ ತಾನೇ? ಅಷ್ಟಂದ್ರೆ ಫೀಬಿ ಮನೇಲೇ ಉಳೀತಾಳೆ. ಅನ್ನಲ್ಲ! ಯಾಕೆ ಅನ್ಲಿ? ಯಾಕೆ ಬುರುಡೆ ಬಿಟ್ಟೆ, ಪುಸ್ತಕ ಕೈಯಲ್ಲೇ ಇತ್ತಲ್ಲ ಅಂತ ಆ ಹೆಂಗಸು ಕೇಳಿದ್ರೆ... ಕೇಳಿದ್ರೆ ಏನು, ಕೇಳಲಿ! ನಾನು ಓದಿದ್ದು ಓದಿದ್ದೇ!

ತಪ್ಪು ಎಲ್ಲಿದೆ ಗೊತ್ತಾ? ನಿನ್ನ ಗಂಡ ಕರ್ಟಿಸ್‌ನ ರಕ್ತದಲ್ಲಿ. ಮದುವೆ ದಿನಾನೇ ಅಂದಿದ್ದೆ. ಕರ್ಟಿಸ್‌ನ ಅಪ್ಪ ಊರು ಹೆಸರು ಬರೆದಿರೋ ಹಲಗೆ ಕೆಳಗೇ ನಿಂತ್ಕೊಂಡು ಇದ್ಯಾವ ಊರು ಅಂತ ಕೇಳೋನು! ಈ ಡಿಸ್‌ಲೆಕ್ಸಿಯಾನೋ ಪಿಸ್‌ಲೆಕ್ಸಿಯಾನೋ ಅವರ ಕಡೇದು. ನಮ್ಮ ಕಡೆ ಹುಡುಕಿದ್ರೂ ಒಬ್ಬರಿಲ್ಲ. ನಾನು ಸಾಯೋವರೆಗೂ ಹೇಳ್ತೀನಿ, ಅವನ ಮುಖದ ಮೇಲೇ ಹೇಳ್ತೀನಿ.

ಪಾಪ ಅದೇನು ಮಾಡುತ್ತೆ ಕೂಸು. ಪುಸ್ತಕ ತೆಗೆದ್ರೆ ಸಾಲೆಲ್ಲ ಅಲೆ ಎದ್ದಂಗೆ ಏಳುತ್ತೆ. ಈ ಅಕ್ಷರ ಹಿಡಿಯೋಣ ಅಂದ್ರೆ ಬೆನ್ನು ತಿರುಗಿಸಿ ಇನ್ನೊಂದಾಗಿಬಿಡುತ್ತೆ, ಕೈಯಿಂದ ಮೀನು ಜಾರಿದಂಗೆ. ಕಿವಿ ಕೆಂಡ ಆಗುತ್ತೆ. ಹಿಂದಿನ ಬೆಂಚಲ್ಲಿ ಎಲ್ಲ ಕಿಸಕಿಸ ನಗ್ತಿರ್ತಾರೆ, ಮಾಸ್ತರು ರೂಲುದೊಣ್ಣೆ ಎತ್ತಿರ್ತಾನೆ...

ಏನು?

ಫೀಬಿಗೆ ಬೆಂಚಾ? ಹೌದಲ್ಲ, ಅವಳು ಅಡುಗೆಮನೆ ಮೇಜಿನ ಮುಂದೆ... ಯಾವ ಬೆಂಚು ಅಂದ್ರೆ... ಅವಳಿಗೆ ಕನಸು ಬಿದ್ದಿತ್ತಂತೆ! ಕನಸಲ್ಲಿ ಕಂಡಿದ್ದನ್ನ ನನಗೆ ಹೇಳಿದ್ಲು. ಹಂಗೆ ನೋಡಬೇಡ ನನ್ನ.

ಯಾಕೆ ಪುಸ್ತಕ ನನ್ನ ಮುಂದೆ ಇಟ್ಟೆ? ಓದ್ಬೇಕಾ? ಈಗ? ನಲವತ್ತು ವರ್ಷ ಸರಕು ದೋಣಿ ಮೇಲೆ ಹಗ್ಗ ಎಳೆದವನಿಗೆ ಮಗಳು ಪರೀಕ್ಷೆ ಇಡ್ತಾಳಾ! ಇದರಲ್ಲಿ ಚಿತ್ರಾನೇ ಇಲ್ಲ, ಇದು ನೀರಸ ಪುಟ. ಬೇರೆ ತೆಗಿ. ಬೆಳಕೂ ಸಾಲದು... ಪರದೆ ಯಾಕೆ ಸರಿಸ್ತೀಯ? ಮಧ್ಯಾಹ್ನದ ಬಿಸಿಲು ಕನ್ನಡಕದ ಗಾಜಿಗೇ ಹೊಡೀತಿದೆ, ಮುಚ್ಚು!

ಅಲ್ಲ ಕಣೇ, ನಿನಗೇ ಓದಿ ಹೇಳ್ತಿದ್ನಲ್ಲ ಚಿಕ್ಕವಳಿದ್ದಾಗ! ಆ ಕರಡಿ ಪುಸ್ತಕ. ಮರೆತ್ಯಾ? ಹಾಸಿಗೆ ಮೇಲೆ ನನ್ನ ತೋಳಿಗೆ ಒರಗಿಕೊಂಡು. ಒಂದಿನ ಕರಡಿ ಜೇನು ಕದ್ದು ಸಿಕ್ಕಿಬೀಳೋದು, ಇನ್ನೊಂದಿನ ಜೇನುಗೂಡಿನ ರಾಣೀನೇ ಮದುವೆ ಆಗೋದು. ನೀನು ಕೈ ತಟ್ಟಿ, ಅಪ್ಪಾ, ನಿನ್ನೆ ಹಿಂಗಿರಲಿಲ್ಲ, ಅಂತಿದ್ದೆ...

ಏನು? ಇದ್ದಿದ್ದು ಒಂದೇ ಪುಸ್ತಕ ಅಲ್ವಾ ಅಂದ್ಯಾ? ಹೌದು. ಅದು... ಆಗಿನ ಕಾಲದ ಪುಸ್ತಕಗಳೇ ಹಂಗೆ.

ಬೈಯಬೇಕಾದ್ರೆ ಬೈಯಿ. ಪುಸ್ತಕದ ಒಳಗಿಂದ ಏನು ತೆಗೀತಿದೀಯ?

ಏನದು ಪುಟದ ಮೇಲೆ ಇಡ್ತಿರೋದು? ಫೀಬಿ ಹಳದಿ ಪಟ್ಟಿ ಅಲ್ವಾ ಇದು? ಸಾಲು ಜಾರದೆ ಇರ್ಲಿ ಅಂತ ಅವಳು ಇಟ್ಕೊಂಡು ಓದ್ತಾಳಲ್ಲ, ಅದು. ನನಗ್ಯಾಕೆ? ತೆಗಿ. ತೆಗಿ ಅಂದೆ! ನಾನೇನು ಕರ್ಟಿಸ್‌ನ ಅಪ್ಪಾನಾ?

ಓದಿ ಬಿಸಾಕ್ತಿದ್ದೆ, ಈ ಪುಟ ಏನು, ಇಡೀ ಪುಸ್ತಕ! ಏನ್ ಮಾಡ್ಲಿ, ಭಾನುವಾರ ಚರ್ಚಿನ ಬೆಂಚಿನ ಮೇಲೆ ಕನ್ನಡಕ ಮರೆತು ಬಂದುಬಿಟ್ಟೆ. ದೇವರಾಣೆಗೂ ಕಣೇ. ಮೂರು ದಿನ ಆಯ್ತು, ಕನ್ನಡಕ ಇಲ್ಲದೆ ಕುರುಡನ ಥರ ತಡಕಾಡ್ತಿದೀನಿ, ಎದುರಿಗೆ ನಿಂತಿರೋ ನಿನ್ನ ಮುಖಾನೂ ಸರಿಯಾಗಿ...

ಯಾಕೆ? ಯಾಕೆ ನನ್ನ ಮೂಗಿನ ಹತ್ರ ಕೈ ತರ್ತಿದೀಯ?