ಖಾಲಿ ಡಬ್ಬಿಯ ನಿಯಮ

ದೀಪ ಸಣ್ಣ ಮಾಡಿ, ಹೇಳ್ತೀನಿ. ಇದು ನಮ್ಮ ಚಿಕ್ಕಪ್ಪನ ಮಗನಿಗೇ ಆದದ್ದು. ಅವನನ್ನು ನಾವೆಲ್ಲ ಪಂಡಿತ ಅಂತ ಕರೆಯೋದು. ಗೇಲಿ ಅಂತ ಅವನಿಗೆ ಇನ್ನೂ ಗೊತ್ತಿಲ್ಲ, ಬಿರುದು ಅಂದುಕೊಂಡಿದ್ದಾನೆ.

ಅವನ ಆಫೀಸಿನಲ್ಲಿ ಕಂಪ್ಯೂಟರಿಗೆ ಹೊಸದೊಂದು ಬಹುರೂಪಿ ಭಾಷೆ ಕಟ್ಟುತ್ತಿದ್ದರು. ಒಮ್ಮೆ ಬರೆದ ಆಜ್ಞೆ ಅಂಕಿ, ಹೆಸರು, ತಾರೀಖು ಯಾವುದಕ್ಕಾದರೂ ನಡೆಯಬೇಕು. ಬರೆದ ಆಜ್ಞೆಯಲ್ಲಿ ತಪ್ಪಿದ್ದರೆ ಮುಂದೆ ಬಿಡದೆ ತಡೆಯುವ ಅದರ ತಪಾಸಣೆಯ ಭಾಗ ಬರೆದವರು ಮೇಷ್ಟ್ರು ಅಂತ ಒಬ್ಬ ಹಿರಿಯರು. ತಿಂಗಳ ಹಿಂದೆ ತೀರಿಹೋಗಿದ್ದರು. ಅವರದೊಂದು ಕಟ್ಟುನಿಟ್ಟು: ಖಾಲಿ ಡಬ್ಬಿ, ಅಂದರೆ ಪ್ರೋಗ್ರಾಮು ಆಮೇಲೆ ಏನಾದರೂ ತುಂಬಿಡುವ ಜಾಗ, ಅದು ಮಾತ್ರ ಬಹುರೂಪಿ ಆಗಬಾರದು. ಏನು ತುಂಬುತ್ತೀರಿ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಒಬ್ಬ ಒಂದು ಹಾಕುತ್ತಾನೆ, ಇನ್ನೊಬ್ಬ ಅದನ್ನೇ ಮತ್ತೊಂದು ಅಂದುಕೊಂಡು ತೆಗೆಯುತ್ತಾನೆ.

ಬೆಳಗಾದರೆ ಆಸ್ಪತ್ರೆಯ ಔಷಧಿ ಯಂತ್ರಕ್ಕೆ ಕೊಡಬೇಕಾದ ಪ್ರೋಗ್ರಾಮು ಈ ನಿಯಮಕ್ಕೇ ತಗಲಿಕೊಂಡು ನಿಂತಿತ್ತು. ಪಂಡಿತ ನಿಯಮವನ್ನೇ ಅಳಿಸಿದ. ಎಂಟೇ ಸಾಲು. ಪಕ್ಕದ ಸೀಟಿನವಳು ಬೇಡ ಅಂದಳಂತೆ. "ಸತ್ತವರ ಭಯಕ್ಕೆಲ್ಲ ನಾನು ಸಂಬಳ ತಗೊಳ್ಳಲ್ಲ," ಅಂದ. ಆ ಆಸ್ಪತ್ರೆಯಲ್ಲೇ ಅವನ ಸ್ವಂತ ಅಕ್ಕ ಮಲಗಿದ್ದಳು. ಅದೂ ಗೊತ್ತಿತ್ತು, ಮಹಾಶಯನಿಗೆ.

ರಾತ್ರಿ ಹನ್ನೊಂದೂವರೆಗೆ ಮನೆಗೆ ಹೊರಟ. ದಾರಿಯಲ್ಲಿ ಹಳೇ ಬಾವಿ. ಹಗ್ಗ ಇಲ್ಲ, ಕೊಡ ಇಲ್ಲ, ಬರೀ ರಾಟೆ. ಅದು... ಕಿರ್ರ್ ಅಂತು. ನಿಂತ. ಮತ್ತೆ... ಕಿರ್ರ್. ಇವನು ಸೊಟ್ಟ ನಗೆ ನಕ್ಕು, ಒಂದು ಕಲ್ಲೆತ್ತಿ ಒಳಗೆ ಎಸೆದ. ಬುಳಕ್ ಅನ್ನಬೇಕಲ್ಲ? ಅನ್ನಲಿಲ್ಲ. ಎಷ್ಟು ಹೊತ್ತಾದರೂ... ಏನೂ ಇಲ್ಲ. ಆಮೇಲೆ ಕೆಳಗಿನಿಂದ ಕೆಮ್ಮು. ಎರಡು ಗಿಡ್ಡ, ಒಂದು ಉದ್ದ. ಮೇಷ್ಟ್ರ ಕೆಮ್ಮು.

"ಏನು ಹಾಕ್ದೆ?" ಪಿಸುದನಿ.

"ಕ... ಕಲ್ಲು."

"ಹಾಕೋ ಮುಂಚೆ ಹೇಳಿದ್ಯಾ?"

"ಇಲ್ಲ."

"ಹಾಗಾದ್ರೆ ಏನು ಬೇಕಾದ್ರೂ ಬರಬಹುದು. ಕೈ ಒಡ್ಡು."

ರಾಟೆ ತಿರುಗತೊಡಗಿತು... ಪಂಡಿತರ ಪಾಂಡಿತ್ಯ ಅಲ್ಲೇ ಉದುರಿತು. ಎದ್ದೆನೋ ಬಿದ್ದೆನೋ ಅಂತ ಆಫೀಸಿಗೆ ಓಡಿ ಎಂಟು ಸಾಲನ್ನೂ ವಾಪಸ್ ಹಾಕಿದ. ತಪಾಸಣೆ ಮತ್ತೆ ಅದೇ ಜಾಗದಲ್ಲಿ ನಿಂತಿತು. ಈ ಸಲ ಕಣ್ಣು ಬಿಟ್ಟು ನೋಡಿದ. ಯಾರೋ ಡಬ್ಬಿಗೆ ಮಂಚದ ನಂಬರು ಹಾಕಿದ್ದರು. ಇನ್ಯಾರೋ ಅದನ್ನೇ ಔಷಧಿಯ ಅಳತೆ ಅಂತ ತೆಗೆದಿದ್ದರು. ಅಕ್ಕನಿಗೆ ಹೋಗಬೇಕಿದ್ದದ್ದು ನಾಲ್ಕು ಹನಿ. ಅವಳ ಮಂಚ ಅರವತ್ತೊಂದು.

ಬೆಳಿಗ್ಗೆ ತಪ್ಪು ತಾನೇ ಹುಡುಕಿದ್ದು ಅಂತ ಎಲ್ಲರಿಂದ ಶಭಾಷ್ ಅನ್ನಿಸಿಕೊಂಡ, ನಾಚಿಕೆಗೆಟ್ಟವನು. ಮೇಷ್ಟ್ರ ಹೆಸರೇ ಎತ್ತಲಿಲ್ಲ.

ವಾಪಸ್ ಬರುವಾಗ ಬಾವಿಕಟ್ಟೆಯ ಮೇಲೆ ಒಂದು ಬೀಗದ ಕೈ ಇತ್ತು, ಒದ್ದೆಯಾಗಿ. ಥೇಟ್ ಅವನ ಮನೆಯದೇ. ಅವನದು ಜೇಬಿನಲ್ಲಿತ್ತು. ಎರಡಕ್ಕೂ ಮನೆ ಬಾಗಿಲು ತೆರೆಯಿತು. ಹೆದರಿ ಬೀಗ ಬದಲಾಯಿಸಿದ. ಹೊಸ ಬೀಗವೂ ಆ ಒದ್ದೆ ಬೀಗದ ಕೈಗೆ ತೆರೆಯಿತು.

ನಗಬೇಡಿ. ಸುಳ್ಳು ಹೇಳಿ ನನಗೇನಾಗಬೇಕು? ಹೋದ ವಾರ ನಾನೇ ಆ ಬಹುರೂಪಿ ಬೀಗದ ಕೈಯನ್ನು ಇಸಕೊಂಡು ಬಂದು ನಮ್ಮನೆ ಬಾಗಿಲಿಗೆ ಹಾಕಿ ತಿರುಗಿಸಿದೆ. ಕಟಕ್... ತೆರೆಯಿತು. ಇನ್ನೂ ಒದ್ದೆಯೇ ಇತ್ತು.