ಮೊನ್ನೆನೂ ಪೊರ್ಶು, ನಾಡಿದ್ದೂ ಪೊರ್ಶು

...ಯಾಕ ನಗಾಕತ್ತೀರಿ? ನಾ ಏನ್ ಸುಳ್ಳ ಹೇಳಾಕತ್ತೇನೇನು? ಆಸ್ಪತ್ರಿ ನರ್ಸ್ ಅನಸೂಯಾ ಫೋನಿನಾಗ ನಿಮ್ಮ ಸಲೈನಿನ ದಿನ 'ಪೊರ್ಶು' ಅಂದ್ಲು. ನಾ ನಾಡಿದ್ದು ಅಂತ ತಿಳ್ಕೊಂಡೆ. ಆಕಿ ಹೇಳಿದ್ದು ಮೊನ್ನೆ ಅಂತ! ನಮ್ಮ ಧಾರವಾಡದಾಗ ಮೊನ್ನೆ ಅಂದ್ರ ಮೊನ್ನೆ, ನಾಡಿದ್ದು ಅಂದ್ರ ನಾಡಿದ್ದು. ಈ ಬಂಗಾಲಿ ಮಂದಿಗೆ ಎರಡೂ ಪೊರ್ಶು... ನಾ ಏನ್ ಮಾಡ್ಲಿ ಹೇಳ್ರಿ? ನಾಲ್ಕು ದಿನ ತಡ ಆತು, ಅಷ್ಟ. ನಾಲ್ಕು ದಿನದಾಗ ಯಾವ ಆಕಾಶ ಕಳಚಿ ಬೀಳ್ತೈತಿ?

ತಡೀರಿ, ಅಂಗಿ ಗುಂಡಿ ನಾ ಹಾಕ್ತೇನಿ. ಬಲಗೈ ಎತ್ರಿ... ಎತ್ತಾಕ ಬರವಲ್ದೇನು? ಇರ್ಲಿ, ಬಿಡ್ರಿ. ಕ್ಯಾಬು ಈ ಬೆಹಾಲಾ ಟ್ರಾಫಿಕ್ಕಿನಾಗ ಸಿಕ್ಕೊಂಡೇತಿ, ಬರ್ತೈತಿ. ಆಸ್ಪತ್ರಿಗೆ ಹೋದ ಕೂಡ್ಲೆ ಸಲೈನ್ ಹಚ್ಚತಾರ, ನೀವು ಮತ್ತ ಮೊದಲಿನಂಗ ಆಗ್ತೀರಿ. ಪ್ರತಿ ಸಲ ಹಂಗ ಆಗ್ತೈತಲ್ಲ?

ಫ್ರಿಜ್ಜಿನ ಮ್ಯಾಲಿನ ಚೀಟಿ ಯಾಕ ನೋಡಾಕತ್ತೀರಿ? ಗೊತ್ತೈತಿ ನನಗ, ಬಾಯಿಪಾಠ ಆಗೇತಿ. 'ಸುಮಂತ, ಎಂ.ಎಸ್. ನರರೋಗ, ಸಲೈನಿನಲ್ಲಿ ಔಷಧ ಆರು ವಾರಕ್ಕೊಮ್ಮೆ, ರೋಗಿಯ ಇಚ್ಛೆಯಂತೆ.' ನಾಲ್ಕೋ ಆರೋ ನೀವ ಹೇಳ್ರಿ ಅಂತ ಡಾಕ್ಟರ್ ಕೇಳಿದಾಗ ಆರು ಅಂದವರು ನೀವು. ಬಾರಾನಗರದಾಗ ನೀವು ಕಲಿಸೂ ಕ್ಲಾಸು ತಪ್ಪಬಾರದಂತ! ನಿಮ್ಮ ಇಚ್ಛೆ ಕೇಳಿದ್ರು. ನಂದನ್ನ ಯಾರು ಕೇಳಿದ್ರು?

ಹಂಗ ದಿಟ್ಟಿಸಬ್ಯಾಡ್ರಿ. ಆರನೇ ವಾರ ನಿಮ್ಮ ಕಾಲು ಭಾರ ಆಗ್ತಾವು, ಮನ್ಯಾಗ ಇರ್ತೀರಿ. 'ಅಪೂರ್ವಾ, ಚಾ ಕೊಡು... ಅಪೂರ್ವಾ, ಇಲ್ಲೇ ಬಾಜೂಕ ಕೂಡು...' ನಾ ಲೇಕ್ ಮಾರ್ಕೆಟ್ಟಿಗೆ ಹೋಗಿ ಬರೂದ್ರಾಗ ಎರಡು ಸಲ ಫೋನ್ ಮಾಡ್ತೀರಿ! ಸಲೈನ್ ಹಚ್ಚಿದ ಮರುದಿನ ಮತ್ತ ಬಾರಾನಗರ, ಮತ್ತ ನಿಮ್ಮ ಸಂಖ್ಯಾಶಾಸ್ತ್ರದ ಪಾಠ. ಬರ್ತೀರಿ, ಉಣ್ತೀರಿ, ಮಲಗ್ತೀರಿ. ಆ ಒಂದು ವಾರ ಅಷ್ಟ ರೀ ನನಗ ಗಂಡ ಅಂತ ಇರೂದು. ಅದು ಇನ್ನೊಂದೀಟು ಇರ್ಲಿ ಅನಿಸಿದ್ರ ತಪ್ಪೇನು?

ಎಡಗೈ ಬೆರಳು ಮಡಚಿ ಏನ್ ಎಣಿಸಾಕತ್ತೀರಿ? ಏಳು... ಎಂಟು... ಸಾಕು ಮಾಡ್ರಿ! ಊರ ಮಂದಿಗೆಲ್ಲಾ ಲೆಕ್ಕ ಕಲಸಾವರು, ಈ ಒಂದು ಲೆಕ್ಕ ನನ್ನ ನಂಬಿ ಬಿಟ್ಟಿದ್ರಿ... ಹೌದು, ಹತ್ತು. ಸಲೈನ್ ಹಚ್ಚಿ ಹತ್ತು ವಾರ ಆತು.

ಬೈರಿ ಬೇಕಾದ್ರ! ಬಾಯಿ ತಗದು ಬೈರಿ! ಮುಂಜಾನಿಂದ ಸುಮ್ಮನ ಕುಂತೀರಿ, ಸಿಟ್ಟು ಬಂದೇತಿ ಅಂತ ತಿಳ್ಕೊಂಡಿದ್ದೆ... ಒಮ್ಮೆ 'ಅಪೂರ್ವಾ' ಅನ್ರಿ. ಬರೇ 'ಅ' ಅನ್ರಿ, ಸಾಕು... ಅಯ್ಯ ನನ್ನಪ್ಪ... ನೀವು ನಗಾಕತ್ತಿಲ್ಲ. ತುಟಿ ಒಂದ ಕಡೆ ಜಗ್ಗೇತಿ.

ರೀ... ಕೇಳಾಕತ್ತೀರೇನು? ಅನಸೂಯಾ ಪೊರ್ಶು ಅಂದೇ ಇಲ್ರಿ. ನಾಲ್ಕು ಸೋಮವಾರ ಫೋನ್ ಮಾಡಿ ಯಾವಾಗ ಬರ್ತೀರಿ ಅಂತ ಕೇಳಿದ್ಲು. ನಾಲ್ಕೂ ಸಲ ಪೊರ್ಶು ಅಂದಾಕಿ ನಾನು.